‘ಕಾಣಲಿಲ್ಲ’ ಎಂದು ಬರೆದ ಹಕ್ಕಿ

“ಹಕ್ಕಿ ಕಾಲಿಗೆ ಕೆಸರು ಹತ್ತೈತೆ ಸಾರ್, ಅದಕ್ಕೇ ಹಂಗೆ ಕಾಣ್ತೈತೆ” ಎಂದು ನಾನು ಹೇಳಿದೆ. ಹೇಳಿದ ಮರುಗಳಿಗೆಯೇ ನನ್ನ ಮಾತಿನಲ್ಲಿ ಎಲ್ಲೋ ಬಿರುಕಿದೆ ಎಂದು ಅನುಮಾನವಾಯಿತು. ಆದರೆ ಬಾಯಿಂದ ಹೊರಟ ಮಾತು ಹೊರಟುಹೋಗಿತ್ತು.

ಭರಮಸಾಗರದ ಕೆರೆಯಂಗಳದಲ್ಲಿ ನಾವು ಮೂವರು ನಿಂತಿದ್ದೆವು. ಸೆಪ್ಟೆಂಬರ್ ತಿಂಗಳ ಕೊನೆಯ ಭಾನುವಾರ, ಬೆಳಗಿನ ಏಳು ಗಂಟೆ, ಎಪ್ಪತ್ತರ ದಶಕದ ಮೊದಲ ವರ್ಷಗಳು. ಒಬ್ಬರು ಚಿತ್ರದುರ್ಗದ ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದ ಮುಖ್ಯಸ್ಥರು. ಇನ್ನೊಬ್ಬಳು ಆ ಜುಲೈನಲ್ಲಷ್ಟೇ ಡೆಮಾನ್‌ಸ್ಟ್ರೇಟರ್ ಆಗಿ ಸೇರಿದ್ದ ಹುಡುಗಿ. ಮೂರನೆಯವನು ನಾನು, ವಿಭಾಗದ ಮ್ಯೂಸಿಯಂ ಕೀಪರ್. ಹಕ್ಕಿ ಹೊಡೆದು ತರುವುದು, ಚರ್ಮ ಸುಲಿದು ಒಳಗೆ ಪಾಷಾಣ ಬೆರೆಸಿದ ಸೋಪು ಸವರುವುದು, ಹತ್ತಿ ತುಂಬಿ ಹೊಲಿಯುವುದು, ಕಾಲಿಗೆ ಚೀಟಿ ಕಟ್ಟಿ ಡ್ರಾಯರಿನಲ್ಲಿ ಸಾಲಾಗಿ ಮಲಗಿಸುವುದು ನನ್ನ ಕೆಲಸ. ಆ ಡ್ರಾಯರುಗಳ ಬೀಗದ ಕೈ ನನ್ನ ಸೊಂಟದಲ್ಲೇ ಇರುತ್ತಿತ್ತು. ಹಕ್ಕಿಯ ವಿಷಯಕ್ಕೆ ಆ ವಿಭಾಗದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಾನು ನಂಬಿದ್ದೆ. ಮುಖ್ಯಸ್ಥರೂ ಹಾಗೇ ಹೇಳುತ್ತಿದ್ದರು, ಆಕೆ ಬರುವ ತನಕ.

ಎದುರಿಗೆ ಕೆಸರಿನ ಅಂಚಿನಲ್ಲಿ ಗುಬ್ಬಚ್ಚಿಗಿಂತ ಕೊಂಚ ದೊಡ್ಡ ಹಕ್ಕಿಯೊಂದು ತಲೆ ತಗ್ಗಿಸಿ ಮೇಯುತ್ತಿತ್ತು. ಮಳೆಗಾಲ ಇಳಿಯುವ ಹೊತ್ತಿಗೆ ಉತ್ತರದ ಹಿಮದ ನಾಡುಗಳಿಂದ ನಮ್ಮ ಕೆರೆಗಳಿಗೆ ಇಳಿಯುವ ಸ್ಟಿಂಟ್ ಎಂಬ ಪುಟ್ಟ ಹಕ್ಕಿ ಅದು. ನಮ್ಮ ಮುಖ್ಯಸ್ಥರದ್ದು ಒಂದು ಕಟ್ಟುನಿಟ್ಟಿನ ಪದ್ಧತಿ. ಸೂರ್ಯನಿಗೆ ಬೆನ್ನು ಕೊಟ್ಟು, ಒಬ್ಬರಿಂದ ಒಬ್ಬರು ಐವತ್ತು ಹೆಜ್ಜೆ ದೂರ ನಿಲ್ಲಬೇಕು. ದುರ್ಬೀನು ಹಿಡಿದು ನೋಡಿದ್ದನ್ನು ಅವರವರೇ ಬರೆಯಬೇಕು. ಮೊದಲು ಬರಹ, ಆಮೇಲೆ ಮಾತು. ಎಲ್ಲರದೂ ಮುಗಿದ ಮೇಲೆ ಒಂದೆಡೆ ಸೇರಿ, ಬರೆದದ್ದನ್ನು ಜೋರಾಗಿ ಓದಬೇಕು. ನಾನು ಕಪ್ಪು ಕಾಲಿನ ‘ಲಿಟಲ್ ಸ್ಟಿಂಟ್’ ಎಂದು ಓದಿದೆ. ಆಕೆ ಅದರ ದಾಯಾದಿಯಾದ ಹಳದಿ ಕಾಲಿನ ಸ್ಟಿಂಟ್ ಎಂದು ಓದಿದಳು.

“ಕೆಸರಲ್ಲ ಅಣ್ಣಾ” ಎಂದಳು ಆಕೆ. “ಅದು ನೀರಾಗೆ ನಡೆದು ಈಚೆಗೆ ಬಂತಲ್ಲ, ಆಗ ಕಾಲು ತೊಳೆದಂಗೆ ಇತ್ತು. ಆಗ್ಲೂ ಹಳದಿನೇ. ಆಮ್ಯಾಲೆ ಎದ್ದು ಹಾರಿದಾಗ ಬಾಲದ ಎರಡೂ ಅಂಚಿನಾಗೆ ಬಿಳಿ ಗರಿ ಕಂಡ್ವು.”

“ನಮ್ಮ ಡ್ರಾಯರಿನಲ್ಲಿ ಎರಡೂ ಜಾತಿ ಅವೆ ಮೇಡಂ. ಎರಡರ ಕಾಲೂ ಕಂದು ಬಣ್ಣಾನೇ. ಹದಿನಾಲ್ಕು ಹಕ್ಕಿ ಕೈಯಾರೆ ಹೊಲಿದೀನಿ.”

ಮುಖ್ಯಸ್ಥರು ಜೇಬಿನಿಂದ ಹಕ್ಕಿಗಳ ಪುಸ್ತಕ ತೆಗೆದು ನೋಡಿದರು, ಆಮೇಲೆ ನನ್ನ ಕಡೆ ತಿರುಗಿ ನಕ್ಕರು. “ಏನಪ್ಪ ಕೀಪರ್, ಸತ್ತ ಹಕ್ಕಿಯ ಕಾಲು ಒಣಗಿದ ಮೇಲೆ ಯಾವ ಬಣ್ಣವಾದರೂ ಕಂದಾಗುತ್ತೆ ಅನ್ನೋದು ನಿನಗೆ ಗೊತ್ತಿಲ್ಲವೆ? ನೀನೇ ಒಣಗಿಸಿದವನು!”

ನನಗೆ ಗೊತ್ತಿತ್ತು. ಚರ್ಮ ಹದ ಮಾಡುವ ಎಲ್ಲರಿಗೂ ಗೊತ್ತಿರುವ ವಿಷಯವೇ ಅದು. ಆದರೆ ವರ್ಷಗಟ್ಟಲೆ ಡ್ರಾಯರು ಎಳೆದು ನೋಡಿ ನೋಡಿ, ನನ್ನ ಕಣ್ಣಿಗೆ ಹಕ್ಕಿ ಅಂದರೆ ಅಂಗಾತ ಮಲಗಿದ, ಕಾಲು ಕಂದಾದ, ಕಣ್ಣಿದ್ದ ಕಡೆ ಹತ್ತಿ ತುಂಬಿದ ಹಕ್ಕಿಯೇ ಆಗಿಬಿಟ್ಟಿತ್ತು. ಜೀವಂತ ಹಕ್ಕಿ ಎದುರಿಗೆ ನಡೆಯುತ್ತಿದ್ದರೂ ನಾನು ಅದನ್ನು ಮನಸ್ಸಿನಲ್ಲಿ ಮಲಗಿಸಿ ನೋಡುತ್ತಿದ್ದೆ. ಈ ತಪ್ಪು ಮ್ಯೂಸಿಯಂ ಕೀಪರ್ ಅಲ್ಲದೆ ಬೇರೆ ಯಾರೂ ಮಾಡಲಾರರು. ಅವತ್ತು ವಾಪಸ್ ಬರುವ ಬಸ್ಸಿನಲ್ಲಿ ಮುಖ್ಯಸ್ಥರು ಮುಂದಿನ ಸೀಟಿನಲ್ಲಿ ಆಕೆಯ ನೋಟ್‌ಬುಕ್ಕನ್ನು ತಿರುವಿ ಹಾಕುತ್ತಾ ಕೂತರು. ನಾನು ಹಿಂದಿನ ಸೀಟಿನಲ್ಲಿ ದುರ್ಬೀನಿನ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತೆ. ಹೊಟ್ಟೆ ಉರಿಯುತ್ತಿತ್ತು. ಇದಕ್ಕೆ ಬೇರೆ ಒಳ್ಳೆಯ ಹೆಸರು ಕೊಡಲು ಆಮೇಲೆ ಎಷ್ಟೋ ಸಲ ಪ್ರಯತ್ನಪಟ್ಟಿದ್ದೇನೆ, ಸಿಕ್ಕಿಲ್ಲ.

ಈ ಉರಿಗೆ ಒಂದು ಕಾರಣವೂ ಇತ್ತು. ಆಗಸ್ಟ್‌ನಲ್ಲಿ ವಿಭಾಗಕ್ಕೆ ಒಂದು ಕಾಗದ ಬಂದಿತ್ತು. ನವೆಂಬರ್ ಕೊನೆಯಲ್ಲಿ ಕಡಲ ತೀರದಲ್ಲಿ ವಲಸೆ ಹಕ್ಕಿಗಳಿಗೆ ಉಂಗುರ ತೊಡಿಸುವ ನಾಲ್ಕು ವಾರಗಳ ಶಿಬಿರ ನಡೆಯುತ್ತದೆ, ಕಾಲೇಜಿಗೆ ಒಬ್ಬರಂತೆ ಕಳುಹಿಸಬಹುದು ಎಂದು. ಹೋಗಬಯಸುವವರು ಅದೇ ವರ್ಷ ತಮ್ಮ ಜಿಲ್ಲೆಯ ಕೆರೆಗಳಿಗೆ ಇಳಿದ ಹಕ್ಕಿಗಳ ಪಟ್ಟಿ ಮಾಡಿ ಕಳಿಸಬೇಕು. “ಯಾರ ಪಟ್ಟಿ ಸರಿಯಿದೆಯೋ ಅವರು ಹೋಗಲಿ” ಎಂದು ಮುಖ್ಯಸ್ಥರು ನಮ್ಮಿಬ್ಬರ ಮುಂದೆಯೇ ಹೇಳಿದ್ದರು. ನನಗೆ ಮೂವತ್ತಾರು ವರ್ಷ. ಬೇರೆ ಮ್ಯೂಸಿಯಂಗಳಿಂದ ಬಂದ ಕಡಲ ಹಕ್ಕಿಗಳ ಚರ್ಮ ಒಂದು ಇಡೀ ಡ್ರಾಯರು ತುಂಬ ಇಟ್ಟುಕೊಂಡಿದ್ದೆ, ಕಡಲನ್ನು ಒಮ್ಮೆಯೂ ಕಂಡಿರಲಿಲ್ಲ. ಆ ಕಾಗದವನ್ನು ನಾನು ಎಷ್ಟು ಸಲ ಓದಿದ್ದೆನೆಂದರೆ ಮಡಿಕೆಯಲ್ಲಿ ಹರಿದು ಎರಡಾಗಿತ್ತು.

ಆಕೆ ಹೊಸದುರ್ಗ ತಾಲ್ಲೂಕಿನವಳು. ಮಾಡದಕೆರೆಯಿಂದ ಒಳಗೆ ಎರಡು ಮೈಲಿ ನಡೆದರೆ ಅವಳ ಊರು. ಮನೆಯಲ್ಲಿ ಕುರಿ ಸಾಕುತ್ತಾರೆ, ಹೊಲವೂ ಇದೆ. ಆ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗಳು. ದುರ್ಗದಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಕೆಲಸಕ್ಕೆ ಬರುತ್ತಿದ್ದಳು, ಶನಿವಾರ ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋಗುತ್ತಿದ್ದಳು. ವಯಸ್ಸಿನಲ್ಲಿ ನನಗಿಂತ ಹದಿಮೂರು ವರ್ಷ ಚಿಕ್ಕವಳು, ಹುದ್ದೆಯಲ್ಲಿ ದೊಡ್ಡವಳು. ಅವಳನ್ನು ನಾನು ‘ಮೇಡಂ’ ಅನ್ನಬೇಕಿತ್ತು. ಅವಳು ನನ್ನನ್ನು ‘ಅಣ್ಣಾ’ ಅನ್ನುತ್ತಿದ್ದಳು. ಆ ‘ಅಣ್ಣಾ’ ಕೂಡ ನನಗೆ ಚುಚ್ಚುತ್ತಿತ್ತು, ಅವಳು ದರ್ಪ ತೋರಿಸಿದ್ದರೆ ದ್ವೇಷಿಸುವುದು ಸುಲಭವಾಗುತ್ತಿತ್ತಲ್ಲ ಎಂದು.

ಅಕ್ಟೋಬರ್ ಮೊದಲ ಎರಡು ವಾರ ನಾವು ಭಾನುವಾರವಲ್ಲದೆ ವಾರದ ನಡುವೆಯೂ ಒಂದೊಂದು ಬೆಳಗ್ಗೆ ಕೆರೆಗಳಿಗೆ ಹೋದೆವು. ನಾನು ಹಟಕ್ಕೆ ಬಿದ್ದು ಕಲಿಯತೊಡಗಿದೆ. ಗದ್ದೆಯ ಬದುವಿನಿಂದ ಎದ್ದು ಹಾರುವ ಎರಡು ಬಗೆಯ ಗೊರವ ಹಕ್ಕಿಗಳನ್ನು ರೆಕ್ಕೆಯ ಕೆಳಭಾಗ ನೋಡಿಯೇ ಬೇರ್ಪಡಿಸಬೇಕು. ಒಂದರದು ಕಪ್ಪು, ಇನ್ನೊಂದರದು ಬೂದು. ಡ್ರಾಯರಿನಲ್ಲಿ ರೆಕ್ಕೆ ಮಡಿಸಿ ಮಲಗಿಸಿರುತ್ತೇವೆ, ಹಾಗಾಗಿ ಆ ಕೆಳಭಾಗವನ್ನು ನಾನು ಸುಲಿಯುವಾಗ ಬಿಟ್ಟರೆ ನೋಡಿದ್ದೇ ಇಲ್ಲ. ಕೂಗುಗಳನ್ನಂತೂ ಕೇಳುವುದೇ ಬೇಡ, ನನ್ನ ಹಕ್ಕಿಗಳು ಯಾವತ್ತೂ ಕೂಗಿದವಲ್ಲ. ಕಿವಿಗೆ ಬಿದ್ದದ್ದನ್ನು ಕನ್ನಡದ ಅಕ್ಷರದಲ್ಲಿ ಹೇಗೋ ಗೀಚಿಕೊಂಡು ಮನೆಗೆ ಬಂದು ಹೆಂಡತಿಯ ಮುಂದೆ ಕೂಗಿ ತೋರಿಸಿ ಬಾಯಿಪಾಠ ಮಾಡಿದೆ. ಅವಳು ಒಲೆಯ ಮುಂದೆ ಕೂತು, “ಕಾಲೇಜಿನಾಗೆ ಇದಕ್ಕೇ ಏನ್ರಿ ನಿಮ್ಗೆ ಸಂಬಳ ಕೊಡೋದು?” ಎಂದಳು.

ಎಣಿಕೆಯಲ್ಲಾದರೂ ಆಕೆಯನ್ನು ಸೋಲಿಸುತ್ತೇನೆ ಅಂದುಕೊಂಡಿದ್ದೆ. ಹತ್ತತ್ತರ ಗುಂಪು ಮಾಡಿ ಎಣಿಸುವುದು ನನಗೆ ಚೆನ್ನಾಗಿ ಒಗ್ಗಿತ್ತು. ಆಕೆ ಎಣಿಸುವಾಗ ತಡವರಿಸುತ್ತಿದ್ದಳು. ಮುಖ್ಯಸ್ಥರು ಗದರಿದಾಗ ನಗುತ್ತಾ, “ನಮ್ಮ ಮನ್ಯಾಗೆ ಕುರಿ ಎಣಿಸೋದಿಲ್ಲ ಸಾರ್, ಎಣಿಸಿದ್ರೆ ಕಡಿಮೆ ಆಗ್ತವೆ ಅಂತಾರೆ. ಸಂಜಿ ಮುಂದೆ ರೊಪ್ಪಕ್ಕೆ ಬರುವಾಗ ಬಾಗಿಲಾಗೆ ನಿಂತು ಯಾವ್ದು ಬಂದಿಲ್ಲ, ಯಾವ್ದು ಹೊಸಾದು ಸೇರೈತೆ ಅಂತ ನೋಡ್ತೀವಿ ಅಷ್ಟೇ” ಎಂದಳು.

“ಮುಖ ನೋಡಿಯೋ?”

“ಮುಖ ಎಲ್ಲಿ ಕಾಣ್ತದೆ ಸಾರ್ ಆ ಧೂಳಿನಾಗೆ? ನಡಿಗೆ ನೋಡಿ.”

ಮುಖ್ಯಸ್ಥರು ಅದನ್ನು ಕೇಳಿ ತಲೆದೂಗಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ನನ್ನ ಎಣಿಕೆ ಅವತ್ತು ಸರಿಯಾಗಿತ್ತು. ಅದರ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ.

ದಸರಾ ರಜೆಗೆ ಇನ್ನೊಂದು ವಾರ ಇದೆ ಎನ್ನುವಾಗ, ಒಂದು ಸೋಮವಾರ ಬೆಳಗ್ಗೆ ಆಕೆ ಬಸ್ಸಿಳಿದವಳೇ ನೇರ ವಿಭಾಗಕ್ಕೆ ಬಂದಳು. ಸೀರೆಯ ಅಂಚಿಗೆಲ್ಲ ಒಣಗಿದ ಮಣ್ಣು ಮೆತ್ತಿತ್ತು. ಮುಖ್ಯಸ್ಥರ ಮೇಜಿನ ಮೇಲೆ ನೋಟ್‌ಬುಕ್ ತೆರೆದಿಟ್ಟಳು. ನಾನು ಅಲ್ಲೇ ಬೀರುವಿನ ಧೂಳು ಒರೆಸುತ್ತಿದ್ದೆ. ತನ್ನ ಊರಿನ ಹತ್ತಿರದ ಮಾರಿಕಣಿವೆ ಅಣೆಕಟ್ಟಿನ ಹಿನ್ನೀರಿನಲ್ಲಿ, ವೇದಾವತಿ ಬಂದು ಸೇರುವ ಕಡೆಯ ಮರಳಿನ ದಡದಲ್ಲಿ, ಹಿಂದಿನ ದಿನ ಒಂದೇ ಒಂದು ಹಕ್ಕಿಯನ್ನು ಕಂಡಿದ್ದಳಂತೆ. ಪೆನ್ಸಿಲಿನಲ್ಲಿ ಚಿತ್ರ ಬರೆದಿದ್ದಳು. ಬೆಳ್ಳಗಿನ ಮೈ, ಕಪ್ಪು ಕೊಕ್ಕು, ಕಪ್ಪು ಕಾಲು, ಹೆಗಲ ಹತ್ತಿರ ಮಸಿ ತಾಕಿದಂತೆ ಒಂದು ಕಲೆ.

“ಪುಟ್ಟ ಹಕ್ಕಿಗಳ ಮಂದ್ಯಾಗೆ ಇದೊಂದೇ ಬ್ಯಾರೆ ಇತ್ತು ಸಾರ್” ಎಂದಳು. “ಗಾಳಿಗೆ ನೀರು ಅಲೆ ಎದ್ದು ದಡಕ್ಕೆ ಬರ್ತದಲ್ಲ, ಅಲೆ ಹಿಂದಕ್ಕೆ ಹೋದ್ರೆ ಅದ್ರ ಹಿಂದೇನೇ ಓಡ್ತದೆ. ಅಲೆ ಬಂದ್ರೆ ಮುಂದೆ ಮುಂದೆ ಓಡಿ ಈಚೆ ಬರ್ತದೆ. ಕಾಲಿಗೆ ಚಕ್ರ ಕಟ್ಟಿದಂಗೆ. ಉಳಿದ ಯಾವ ಹಕ್ಕೀನೂ ಹಂಗೆ ಮಾಡಲ್ಲ. ನಾನು ಸ್ಯಾಂಡರ್ಲಿಂಗ್ ಅಂತ ಬರಕೊಂಡೀನಿ.”

ಮುಖ್ಯಸ್ಥರು ಕನ್ನಡಕ ತೆಗೆದರು. ಸ್ಯಾಂಡರ್ಲಿಂಗ್ ಸಮುದ್ರದ ಹಕ್ಕಿ. ಮರಳ ದಂಡೆಯಲ್ಲಿ ಸಮುದ್ರದ ಅಲೆಯ ಜೊತೆ ಓಡಾಡಿ ಹೊಟ್ಟೆ ಹೊರೆಯುವ ಹಕ್ಕಿ. ಒಳನಾಡಿನ ಬಯಲುಸೀಮೆಗೆ ಅದು ಬಂದದ್ದನ್ನು ಅವರು ಕೇಳಿರಲಿಲ್ಲ, ನಮ್ಮ ಕಡಲ ಹಕ್ಕಿಗಳ ಡ್ರಾಯರಿನಲ್ಲೂ ಅದರ ಚರ್ಮ ಇರಲಿಲ್ಲ. “ಇದು ನಿಜವಾದರೆ ಪಟ್ಟಿಯಲ್ಲಿ ಇದಕ್ಕಿಂತ ದೊಡ್ಡ ದಾಖಲೆ ಇಲ್ಲಮ್ಮ” ಎಂದರು. “ಸುಳ್ಳಾದರೆ, ಇಂಥದ್ದನ್ನು ಬರೆದವಳನ್ನು ಶಿಬಿರಕ್ಕೆ ಕಳಿಸಿದೆ ಅಂತ ನನ್ನ ಮರ್ಯಾದೆ ಹೋಗುತ್ತೆ. ನನಗೆ ಚರ್ಮ ಬೇಕು.”

“ಚರ್ಮ ಬ್ಯಾಡ ಸಾರ್. ನೀವೇ ಬಂದು ನೋಡ್ರಿ.”

“ಪರೀಕ್ಷೆ ನಡೀತಿದೆ, ನಾನೆಲ್ಲಿ ಬರಲಿ? ಕೀಪರ್ ಹೋಗಿ ತರ್ತಾನೆ.”

ಆಕೆ ನೋಟ್‌ಬುಕ್ಕನ್ನು ತನ್ನ ಕಡೆ ಎಳೆದುಕೊಂಡಳು. “ಹಂಗಾದ್ರೆ ಅದನ್ನ ಪಟ್ಟಿಯಿಂದ ತೆಗೆದುಬಿಡ್ತೀನಿ ಸಾರ್” ಎಂದಳು.

“ತೆಗೆದರೆ ಕಾಣದೆ ಬರೆದಿದ್ದೆ ಅಂತ ಅರ್ಥ” ಎಂದು ಮುಖ್ಯಸ್ಥರು ಕನ್ನಡಕ ಹಾಕಿಕೊಂಡರು.

ಅವತ್ತು ಸಂಜೆ ಆಕೆ ಮ್ಯೂಸಿಯಂ ಕೋಣೆಗೆ ಬಂದಳು. ನಾನು ಕೋವಿಯ ನಳಿಗೆಗೆ ಎಣ್ಣೆ ಹಾಕುತ್ತಿದ್ದೆ. ಪುಟ್ಟ ಹಕ್ಕಿಗಳಿಗೆಂದೇ ನಮ್ಮಲ್ಲಿ ಸಾಸಿವೆ ಕಾಳಿನಂಥ ಚರೆ ತುಂಬಿದ ತೋಟಾಗಳಿದ್ದವು. ಅರಣ್ಯ ಇಲಾಖೆಯ ಅನುಮತಿ ಪತ್ರವೂ ಇತ್ತು. ಅವಳು ಬಾಗಿಲಲ್ಲೇ ನಿಂತು, “ಅಣ್ಣಾ, ಹೊಡೀಬ್ಯಾಡ್ರಿ. ನೋಡಿ ಬಂದು ‘ಹೌದು, ಐತೆ’ ಅಂತ ಒಂದು ಮಾತು ಹೇಳ್ರಿ. ನಿಮ್ಮ ಮಾತು ಸಾರ್ ನಂಬ್ತಾರೆ. ಹತ್ತು ವರ್ಷದಿಂದ ನಂಬ್ಯಾರಲ್ಲ” ಎಂದಳು.

“ನೋಡಾಣ ಮೇಡಂ” ಎಂದೆ.

ಹೊಳಲ್ಕೆರೆ ಮೇಲಿನ ಬಸ್ಸು ಹಿಡಿದು ಬುಧವಾರ ಹೊಸದುರ್ಗ ಸೇರಿ, ಪರಿಚಯದವರ ಮನೆಯಲ್ಲಿ ತಂಗಿದೆ. ಗುರುವಾರ ಬೆಳಗಿನ ಮೊದಲ ಬಸ್ಸಿಗೆ ಮಾಡದಕೆರೆ ಕಡೆ ಹೋಗಿ, ಇಳಿದು, ಜಾಲಿ ಮುಳ್ಳಿನ ನಡುವೆ ದಾರಿ ಮಾಡಿಕೊಂಡು ಹಿನ್ನೀರಿನ ಕಡೆ ನಡೆದೆ. ದಾರಿಯುದ್ದಕ್ಕೂ ಒಂದೇ ಪ್ರಾರ್ಥನೆ, ಅಲ್ಲಿ ಏನೂ ಇರದೇ ಹೋಗಲಿ ಎಂದು. ಇಲ್ಲವೇ ಬೆಳ್ಳಗಿರುವ ಬೇರೆ ಯಾವುದಾದರೂ ಸಾಮಾನ್ಯ ಹಕ್ಕಿ ಇರಲಿ, ಹುಡುಗಿ ದುಡುಕಿದ್ದಾಳೆ ಎಂದು ಹೋಗಿ ಹೇಳುವಂತಾಗಲಿ ಎಂದು.

ನೀರಿನ ಅಂಚಿಗೆ ನೇರ ಹೋಗಲಿಲ್ಲ. ಮೊದಲು ದಡದ ಒದ್ದೆ ಮರಳಿನಲ್ಲಿ ಹೆಜ್ಜೆಗಳನ್ನು ಹುಡುಕಿದೆ. ಗೊರವದ ಜಾತಿಯ ಹಕ್ಕಿಗಳಿಗೆ ಮುಂದೆ ಮೂರು ಬೆರಳು, ಹಿಂದೆ ಒಂದು ಮೊಟಕು ಬೆರಳು. ಅದು ಮೆತ್ತನೆಯ ಮಣ್ಣಿನಲ್ಲಿ ಚುಕ್ಕಿಯಂತೆ ಮೂಡುತ್ತದೆ. ಸ್ಯಾಂಡರ್ಲಿಂಗಿಗೆ ಮಾತ್ರ ಆ ಹಿಂಬೆರಳೇ ಇಲ್ಲ. ನಮ್ಮಲ್ಲಿ ಅದರ ಚರ್ಮ ಇರದಿದ್ದರೂ, ಕಾಲಿನ ಬೆರಳು ನೋಡಿ ಗುರುತಿಸುವುದು ಚರ್ಮ ನೋಡುವವರ ವಿದ್ಯೆ, ಇದರಲ್ಲಿ ನನ್ನನ್ನು ಯಾರೂ ಮೋಸಗೊಳಿಸಲಾರರು. ಮೂರೇ ಬೆರಳಿನ ಹೆಜ್ಜೆಗಳು ಸಿಕ್ಕವು. ಆದರೆ ಹಿಂಬೆರಳಿಲ್ಲದ ಬೇರೆ ಪುಟ್ಟ ಹಕ್ಕಿಗಳೂ ಕೆರೆಯಂಗಳಕ್ಕೆ ಬರುತ್ತವೆ. ಅವು ನಾಲ್ಕು ಹೆಜ್ಜೆ ಓಡಿ ನಿಲ್ಲುತ್ತವೆ, ಮತ್ತೆ ನಾಲ್ಕು ಹೆಜ್ಜೆ ಓಡುತ್ತವೆ. ಇಲ್ಲಿನ ಹೆಜ್ಜೆಗಳು ನಿಂತಿರಲಿಲ್ಲ. ನೀರಿನ ಅಂಚಿಗೆ ಹೋಗಿ, ತಿರುಗಿ ಬಂದು, ಮತ್ತೆ ಹೋಗಿ, ದಡದುದ್ದಕ್ಕೂ ಹೊಲಿಗೆ ಹಾಕಿದಂತೆ ಸಾಗಿದ್ದವು.

ನಾನು ಮರಳಿನ ಮೇಲೆ ಬೋರಲು ಮಲಗಿ, ಮೊಣಕೈ ಊರಿ, ದುರ್ಬೀನು ಹಿಡಿದೆ. ಎಂಟು ಗಂಟೆಯ ಹೊತ್ತಿಗೆ ಗಾಳಿ ಎದ್ದಿತು. ಗಾಳಿಯ ಜೊತೆಗೇ ಸಣ್ಣ ಅಲೆಗಳು ಬಂದವು. ಆಗ ಅದು ಬಂತು.

ಆಕೆ ಹೇಳಿದ್ದರಲ್ಲಿ ಒಂದು ಅಕ್ಷರವೂ ಹೆಚ್ಚಿರಲಿಲ್ಲ, ಕಡಿಮೆಯಿರಲಿಲ್ಲ. ಬೆಳ್ಳಗಿನ ಹಕ್ಕಿ, ಹೆಗಲಲ್ಲಿ ಕಪ್ಪು ಕಲೆ, ಅಲೆಯ ಹಿಂದೆ ಓಡುತ್ತಿತ್ತು. ಅಲೆ ತಿರುಗಿದರೆ ತಾನೂ ತಿರುಗುತ್ತಿತ್ತು. ಒಮ್ಮೆ ಎದ್ದು ಹಾರಿದಾಗ ರೆಕ್ಕೆಯಲ್ಲಿ ಅಗಲವಾದ ಬಿಳಿಯ ಪಟ್ಟೆ ಕಂಡಿತು. ಸುತ್ತು ಹೊಡೆದು ಅದೇ ಜಾಗಕ್ಕೆ ಇಳಿಯಿತು. ನನ್ನಿಂದ ಹತ್ತು ಮಾರು ದೂರದ ತನಕ ಬಂದು ತಲೆ ಎತ್ತಿ ನೋಡಿತು. ಸಮುದ್ರವನ್ನೇ ಕಾಣದ ನನ್ನ ಎದುರಿಗೆ ಸಮುದ್ರದ ಹಕ್ಕಿ ಬಂದು ನಿಂತಿತ್ತು. ಸಂತೋಷ ಆಯಿತು ಎಂದು ಹೇಳಿದರೆ ಸುಳ್ಳಾದೀತು. ‘ಇದನ್ನು ಮೊದಲು ನೋಡಿದವಳು ಅವಳು’ ಎಂಬುದೊಂದೇ ತಲೆಯಲ್ಲಿತ್ತು.

ಕೋವಿ ಪಕ್ಕದಲ್ಲೇ ಇತ್ತು. ಹೊಡೆಯುವುದು ನನಗೆ ಕಷ್ಟವಿರಲಿಲ್ಲ. ಹೊಡೆದು ಒಯ್ದರೆ ಆಕೆ ಶಿಬಿರಕ್ಕೆ ಹೋಗುತ್ತಾಳೆ. ಹೊಡೆಯದೆ, ನೋಡಿದೆ ಎಂದು ಹೇಳಿದರೂ ಆಕೆಯೇ ಹೋಗುತ್ತಾಳೆ. ಎರಡು ದಾರಿಯೂ ಆಕೆಯನ್ನೇ ಕಡಲಿಗೆ ಒಯ್ಯುತ್ತಿದ್ದವು. ಮೂರನೆಯ ದಾರಿಯೊಂದಿತ್ತು. ಅದಕ್ಕೆ ನಾನು ಏನೂ ಮಾಡಬೇಕಾಗಿಯೇ ಇರಲಿಲ್ಲ. ಬೀಡಿ ಸೇದುತ್ತಾ ತುಂಬಾ ಹೊತ್ತು ಅಲ್ಲೇ ಬಿದ್ದುಕೊಂಡಿದ್ದೆ. ಕೊನೆಗೆ ಕೋವಿಯನ್ನು ಮಡಿಸಿ ತೋಟಾ ತೆಗೆದು ಜೇಬಿಗೆ ಹಾಕಿಕೊಂಡು ಎದ್ದೆ.

ಬಸ್ಸಿಗೆ ಕಾಯುವಾಗ ನನ್ನ ಮನಸ್ಸು ಒಂದು ಚಮತ್ಕಾರ ಮಾಡಿತು. ಪಾಪ, ಅಷ್ಟು ದೂರದಿಂದ ಬಂದ ಹಕ್ಕಿ, ಹೇಗೆ ಹೊಡೆಯಲಿ ಎಂದು ನನಗೆ ನಾನೇ ಹೇಳಿಕೊಂಡೆ. ಹೊಳಲ್ಕೆರೆ ದಾಟುವ ಹೊತ್ತಿಗೆ ಅದನ್ನು ಹೆಚ್ಚುಕಡಿಮೆ ನಂಬಿಯೂ ಬಿಟ್ಟಿದ್ದೆ. ಅಷ್ಟು ಕರುಣೆ ಇದ್ದವನು ನೋಡಿದೆ ಎಂದು ಹೇಳಲು ಯಾಕೆ ಹಿಂಜರಿದೆ ಎಂಬ ಪ್ರಶ್ನೆ ಮಾತ್ರ ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿನಲ್ಲೇ ಕೂತು ಬಂತು. ಶುಕ್ರವಾರ ಬೆಳಗ್ಗೆ ಸಂಗ್ರಹದ ರಿಜಿಸ್ಟರಿನಲ್ಲಿ, ‘ಮಾರಿಕಣಿವೆ ಹಿನ್ನೀರು. ಹೇಳಿದ ಹಕ್ಕಿ ಕಾಣಲಿಲ್ಲ’ ಎಂದು ಬರೆದು ಸಹಿ ಹಾಕಿದೆ.

ಮುಖ್ಯಸ್ಥರು ಅದನ್ನು ಓದಿ ನಿಟ್ಟುಸಿರಿಟ್ಟರು. ಆಕೆಯ ಮುಖ ಸಪ್ಪಗಾಯಿತು. “ಬೆಳಿಗ್ಗೆ ಗಾಳಿ ಇತ್ತಾ ಅಣ್ಣಾ? ಗಾಳಿ ಇದ್ರೇನೇ ಅದು ದಡಕ್ಕೆ ಬರೋದು” ಎಂದು ಮೆಲ್ಲಗೆ ಕೇಳಿದಳು. ಗಾಳಿ ಇರಲಿಲ್ಲ ಎಂದೆ. ಒಂದು ಸುಳ್ಳಿಗೆ ಎರಡನೆಯದು ಎಷ್ಟು ಸಲೀಸಾಗಿ ಜೊತೆಯಾಗುತ್ತದೆ ಎಂದು ನನಗೆ ಆಶ್ಚರ್ಯವಾಯಿತು. ಮರುದಿನ ದಸರಾ ರಜೆ ಶುರುವಾಯಿತು, ಆಕೆ ಊರಿಗೆ ಹೋದಳು. ರಜೆ ಮುಗಿಸಿ ಬಂದ ಮೇಲೆ ಅವಳು ಆ ಹಕ್ಕಿಯ ಸುದ್ದಿ ಎತ್ತಲಿಲ್ಲ. ನನ್ನನ್ನು ‘ಅಣ್ಣಾ’ ಅನ್ನುವುದನ್ನು ನಿಲ್ಲಿಸಿ, ‘ಕೀಪರ್’ ಎಂದು ಕರೆಯತೊಡಗಿದಳು. ಹುದ್ದೆಯ ಬಿಸಿ ಈಗ ತಲೆಗೆ ಏರಿತು ನೋಡು ಎಂದು ನಾನು ಮೂಗು ಮುರಿದೆ. ನಿಜ ಹೇಳಬೇಕೆಂದರೆ, ಅವಳ ಮೇಲೆ ಸಿಟ್ಟಾಗಲು ಒಂದು ಕಾರಣ ಸಿಕ್ಕಿದ್ದಕ್ಕೆ ನೆಮ್ಮದಿಯಾಯಿತು. ಪಟ್ಟಿ ನನ್ನ ಹೆಸರಿನಲ್ಲಿ ಹೋಯಿತು.

ನವೆಂಬರ್ ಕೊನೆಯಲ್ಲಿ ನಾನು ಕಡಲು ಕಂಡೆ. ಅದರ ಬಗ್ಗೆ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ, ನನಗೆ ಕೆಲಸವಿತ್ತು. ಮೀನುಗಾರರ ಊರೊಂದರ ಆಚೆ ಶಿಬಿರ. ಕಣ್ಣಿಗೆ ಕಾಣದಷ್ಟು ತೆಳುವಾದ ಬಲೆಗಳನ್ನು ಗಳುಗಳಿಗೆ ಕಟ್ಟಿ ದಂಡೆಯಲ್ಲಿ ನಿಲ್ಲಿಸುತ್ತಿದ್ದೆವು. ಬಿದ್ದ ಹಕ್ಕಿಯನ್ನು ಮೊದಲು ಕಾಲು, ಆಮೇಲೆ ರೆಕ್ಕೆ, ಕೊನೆಗೆ ತಲೆ ಎಂಬ ಕ್ರಮದಲ್ಲಿ ಬಿಡಿಸಬೇಕು. ಬಟ್ಟೆಯ ಚೀಲದಲ್ಲಿ ಹಾಕಿ ತೂಕ, ರೆಕ್ಕೆಯ ಉದ್ದ, ಕೊಕ್ಕಿನ ಉದ್ದ ಬರೆದುಕೊಂಡು, ಕಾಲಿಗೆ ನಂಬರಿನ ಉಂಗುರ ಒತ್ತಿ, ಅಂಗೈ ಬಿಚ್ಚಬೇಕು. ನನ್ನ ಕೈಗೆ ಕೆಲಸ ಬೇಗ ಒಗ್ಗಿತು. ಒಂದಕ್ಕೆ ಮಾತ್ರ ಒಗ್ಗಲಿಲ್ಲ. ನನ್ನ ಜೀವಮಾನದಲ್ಲಿ ಕೈಗೆ ಬಂದ ಹಕ್ಕಿಗಳೆಲ್ಲ ತಣ್ಣಗಿದ್ದವು. ಇವು ಬೆಚ್ಚಗಿದ್ದವು, ಬೆರಳಿನ ನಡುವೆ ಅವುಗಳ ಎದೆ ಹೊಡೆದುಕೊಳ್ಳುವುದು ಗೊತ್ತಾಗುತ್ತಿತ್ತು.

ಮೂರನೆಯ ದಿನ ಬಲೆಯಿಂದ ಬಿಡಿಸಿ ನನ್ನ ಕೈಗೆ ಕೊಟ್ಟದ್ದು ಸ್ಯಾಂಡರ್ಲಿಂಗ್. ಹೆಬ್ಬೆರಳಿನಿಂದ ಅದರ ಪಾದದ ಹಿಂಭಾಗ ಸವರಿದೆ. ಹಿಂಬೆರಳಿಲ್ಲದೆ ನುಣ್ಣಗಿತ್ತು. ಶಿಬಿರ ನಡೆಸುತ್ತಿದ್ದ ಹಿರಿಯರು ನನ್ನ ಪಕ್ಕದಲ್ಲೇ ಕೂತು ನಂಬರು ಬರೆಯುತ್ತಿದ್ದರು. “ನೀವು ಒಳನಾಡಿನವರಲ್ಲವೆ? ಇಂಥ ಹಕ್ಕಿ ನಿಮ್ಮ ಕಡೆ ಬಂದದ್ದು ಏನಾದರೂ ಗೊತ್ತೆ?” ಎಂದು ಕೇಳಿದರು. ಎಲ್ಲರನ್ನೂ ಕೇಳುವ ಪ್ರಶ್ನೆಯೇ ಅದು. ಒಳನಾಡಿನ ದಾಖಲೆಗಳಿಗೆ ಬೇರೆ ಪುಸ್ತಕ ಇಟ್ಟಿದ್ದರು.

ಇಲ್ಲ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಅದನ್ನು ಕೈಯಲ್ಲಿ ಹಿಡಿದುಕೊಂಡು ಇಲ್ಲ ಅನ್ನಲು ನನ್ನಿಂದಾಗಲಿಲ್ಲ.

“ಒಂದು ಬಂದಿತ್ತು” ಎಂದೆ. “ಹಿರಿಯೂರಿನ ಮಾರಿಕಣಿವೆ ಹಿನ್ನೀರಿಗೆ. ಅಕ್ಟೋಬರಿನಲ್ಲಿ.”

ಅವರು ಬರೆಯುವುದನ್ನು ನಿಲ್ಲಿಸಿ, “ನೋಡಿದವರು ಯಾರು?” ಎಂದರು.

ಅಲ್ಲಿಯೂ ಒಂದು ಆಸೆ ತಲೆ ಎತ್ತಿತು. ‘ನಾನು’ ಎಂದರೂ ಅದು ಪೂರ್ತಿ ಸುಳ್ಳಾಗುತ್ತಿರಲಿಲ್ಲವಲ್ಲ! ಅಷ್ಟು ದೂರ ಹೋದರೂ ಹೊಟ್ಟೆಕಿಚ್ಚು ನನ್ನ ಜೊತೆಗೇ ಬಂದಿತ್ತು. ಕೈಯಲ್ಲಿದ್ದ ಹಕ್ಕಿ ಒದ್ದಾಡಿತು, ನಾನು ಹಿಡಿತ ಸಡಿಲಿಸಿದೆ. “ನಮ್ಮ ವಿಭಾಗದ ಡೆಮಾನ್‌ಸ್ಟ್ರೇಟರ್” ಎಂದು ಆಕೆಯ ಹೆಸರು ಹೇಳಿದೆ.

“ಅವರೊಬ್ಬರೇ? ಎರಡನೆಯ ಸಾಕ್ಷಿ ಇಲ್ಲದೆ ನಾವು ಇಂಥದ್ದನ್ನು ಸೇರಿಸುವುದಿಲ್ಲ.”

“ನಾಲ್ಕು ದಿನ ಬಿಟ್ಟು ನಾನೂ ನೋಡಿದೆ.”

ಅವರು ಪುಸ್ತಕ ನನ್ನ ಕಡೆ ತಿರುಗಿಸಿದರು. ಆಕೆಯ ಹೆಸರಿನ ಕೆಳಗೆ ನಾನು ಸಹಿ ಹಾಕಿದೆ. ಈ ಸಹಿ ಮತ್ತು ಕಾಲೇಜಿನ ರಿಜಿಸ್ಟರಿನ ಸಹಿ ಎರಡೂ ಒಬ್ಬನದೇ ಎಂದು ಯಾರಾದರೂ ಒಂದು ದಿನ ನೋಡುತ್ತಾರೆ ಎಂದು ಗೊತ್ತಿದ್ದೇ ಹಾಕಿದೆ.

ಬಹಳ ದಿನ ಕಾಯಬೇಕಾಗಲಿಲ್ಲ. ನಾನು ದುರ್ಗಕ್ಕೆ ಮರಳುವ ಮೊದಲೇ ನಮ್ಮಿಬ್ಬರ ಹೆಸರೂ ಇದ್ದ ಶಿಬಿರದ ಅಭಿನಂದನೆಯ ಕಾಗದ ಮುಖ್ಯಸ್ಥರ ಕೈ ಸೇರಿತ್ತು. ಅವರು ಕೂಗಾಡಲಿಲ್ಲ. ರಿಜಿಸ್ಟರು ತರಿಸಿ, ‘ಕಾಣಲಿಲ್ಲ’ ಎಂಬ ಪದದ ಮೇಲೆ ಬೆರಳಿಟ್ಟು, “ಇದನ್ನು ಹೊಡೆದು ಹಾಕಿ, ಕಂಡದ್ದನ್ನು ಬರಿ. ಯಾಕೆ ಮೊದಲು ಬರೀಲಿಲ್ಲ ಅನ್ನೋದನ್ನೂ ಬರಿ” ಎಂದರು. ಕಂಡದ್ದನ್ನು ಅರ್ಧ ಪುಟ ಬರೆದೆ. ಯಾಕೆ ಎನ್ನುವಲ್ಲಿ ಪೆನ್ನು ನಿಂತಿತು. ಕೊನೆಗೆ ‘ಹೊಟ್ಟೆಕಿಚ್ಚಿನಿಂದ’ ಎಂದು ಒಂದೇ ಪದ ಬರೆದು ತೋರಿಸಿದೆ. ಅವರು ಓದಿ, ಅದರ ಕೆಳಗೆ ತಮ್ಮ ಸಹಿ ಹಾಕಿದರು. ಮುಂದಿನ ವರ್ಷದ ಶಿಬಿರಕ್ಕೆ ಆಕೆ ಎಂದು ಅಲ್ಲಿಯೇ ತೀರ್ಮಾನವಾಯಿತು.

ಸಂಜೆ ಆಕೆಯನ್ನು ಹುಡುಕಿಕೊಂಡು ಪ್ರಯೋಗಾಲಯಕ್ಕೆ ಹೋದೆ. ಕಪ್ಪೆ ಕೊಯ್ಯುವ ತಟ್ಟೆಗಳನ್ನು ತೊಳೆದು ಬೋರಲು ಹಾಕುತ್ತಿದ್ದಳು. ಕ್ಷಮೆಯ ಮಾತನ್ನು ದಾರಿಯಲ್ಲೇ ತಯಾರಿ ಮಾಡಿಕೊಂಡಿದ್ದೆ. “ಮೇಡಂ, ಅವತ್ತು ನಾನು ಅದನ್ನ ಕಂಡಿದ್ದೆ” ಎಂದಷ್ಟೇ ಹೇಳಿದೆ.

“ಗೊತ್ತಿತ್ತು ಕೀಪರ್” ಎಂದಳು, ತಟ್ಟೆಯಿಂದ ಕಣ್ಣೆತ್ತದೆ. “ಶನಿವಾರ ಊರಿಗೆ ಹೋದವಳೇ ದಡಕ್ಕೆ ಹೋಗಿದ್ದೆ. ನೀವು ಮೊಣಕೈ ಊರಿ ಮಲಗಿದ್ದ ಗುರುತು ಹಂಗೇ ಇತ್ತು. ಹಕ್ಕಿ ಹೆಜ್ಜೆ ನಿಮ್ಮ ಮುಂದೆ ಹತ್ತು ಮಾರಿನ ತಂಕ ಬಂದು ತಿರುಗಿದ್ವು. ಪಕ್ಕದಾಗೆ ನಾಲ್ಕು ಬೀಡಿ ತುಂಡು ಬಿದ್ದಿದ್ವು. ಏನೂ ಇಲ್ಲದ ಕಡೆ ನೋಡ್ಕಂತ ಯಾರಾದ್ರೂ ನಾಲ್ಕು ಬೀಡಿ ಸೇದ್ತಾರಾ?”

“ಮತ್ತೆ ಸಾರ್‌ಗೆ ಯಾಕೆ ಹೇಳಲಿಲ್ಲ?”

“ಭಾರಿ ಸಿಟ್ಟು ಬಂದಿತ್ತು. ನಿಮ್ಮ ಮ್ಯೂಸಿಯಂ ಬೀಗಕ್ಕೆ ಕಲ್ಲು ಎತ್ತಿ ಹಾಕ್ಬೇಕು ಅನ್ನಿಸಿತ್ತು. ಆದ್ರೆ ಹಕ್ಕಿ ಇನ್ನೂ ಅಲ್ಲೇ ಇತ್ತಲ್ಲ. ನಾನು ಹೇಳಿದ್ರೆ ಸಾರ್ ಮತ್ತೆ ಕೋವಿ ಕೊಟ್ಟು ನಿಮ್ಮನ್ನೇ ಕಳಿಸ್ತಿದ್ರು. ಈ ಸಲ ನೀವು ಹೊಡೀದೆ ಬರ್ತಿರಲಿಲ್ಲ.” ಕೊನೆಯ ತಟ್ಟೆಯನ್ನು ಬೋರಲು ಹಾಕಿ ಕೈ ಒರೆಸಿಕೊಂಡಳು. “ಹೋಗ್ಲಿ ಬಿಡ್ರಿ. ರಜೆ ಪೂರ್ತಿ ಅದು ಎಲ್ಲಿಗೂ ಹೋಗಲಿಲ್ಲ. ಒಂಬತ್ತು ದಿನ, ದಿನಾ ಬೆಳಿಗ್ಗೆ ಗಾಳಿ ಏಳೋ ಹೊತ್ತಿಗೆ ಹೋಗಿ ಕುಂತ್ಕಂತಿದ್ದೆ. ಮೊದ್ಲು ಮೊದ್ಲು ದೂರ ಓಡ್ತಿತ್ತು. ಆಮ್ಯಾಲೆ ಅಭ್ಯಾಸ ಆತು. ಕೊನೇ ದಿನ ಒಂಟಿ ಕಾಲಾಗೆ ನಿಂತು, ನನ್ನ ಪಕ್ಕದಾಗೇ ನಿದ್ದೆ ಮಾಡ್ತು.”

ನಾಲ್ಕು ವಾರ ಕಡಲ ದಂಡೆಯಲ್ಲಿದ್ದು, ನೂರಾರು ಸ್ಯಾಂಡರ್ಲಿಂಗ್‌ಗಳನ್ನು ಕೈಯಲ್ಲಿ ಹಿಡಿದು ಬಂದಿದ್ದವನು ನಾನು. ನನ್ನ ಪಕ್ಕದಲ್ಲಿ ಒಂದಾದರೂ ನಿದ್ದೆ ಮಾಡಿರಲಿಲ್ಲ. ಕ್ಷಮೆ ಕೇಳಲೆಂದು ಬಂದು ಅವಳ ಎದುರಿಗೆ ನಿಂತಿದ್ದೆ. ನಿಂತಲ್ಲೇ ಆ ಒಂಬತ್ತು ದಿನಗಳಿಗಾಗಿ ನನಗೆ ಮತ್ತೆ ಹೊಟ್ಟೆ ಉರಿಯಿತು.